ಗಾಜಿನ ಕೋಣೆಯ ಸರ್ವರ್

ಹುನಗುಂದದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಯೊಂದರ ಆಫೀಸಿಗೆ ನೆಟ್‌ವರ್ಕ್ ಹಾಕಿಕೊಡಲು ಒಮ್ಮೆ ಕರೆ ಬಂತು. ಕಾರ್ಖಾನೆ ಇಬ್ಬರು ಅಣ್ಣತಮ್ಮಂದಿರದು. ಅಣ್ಣ ಆಫೀಸಿನ ಗಾಜಿನ ಕೋಣೆಯಲ್ಲಿ ಕೂತು ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ತಮ್ಮ ಯಂತ್ರಗಳ ನಡುವೆ ಇರುತ್ತಿದ್ದ. ಮೈತುಂಬ ಕಲ್ಲಿನ ಕೆಸರು. ಲೆಕ್ಕಪತ್ರವೆಲ್ಲ ಅಣ್ಣನ ಹೆಂಡತಿಯ ಕೈಲಿತ್ತು. ನನ್ನನ್ನು ಕರೆಸಿದ್ದೂ ಆಕೆಯೇ.

"ಒಂದ್ ಕಂಪ್ಯೂಟರ್ ಕೆಟ್ರ ಎಲ್ಲಾ ಕೆಲಸ ನಿಂತ್‌ಬಿಡ್ತೈತಿ ತಂಗಿ. ಏನರ ಗಟ್ಟಿ ವ್ಯವಸ್ಥಾ ಮಾಡು," ಅಂದಿದ್ದರು.

ಅಷ್ಟು ಸಣ್ಣ ಆಫೀಸಿಗೆ ದೊಡ್ಡ ಸರ್ವರ್ ಬೇಕಿರಲಿಲ್ಲ. ನೆಲದ ಮೇಲೆ ನಿಲ್ಲಿಸುವ ಪೆಟ್ಟಿಗೆಯಂಥದ್ದು, ಒಂದು ಡಿಸ್ಕ್ ಕೈಕೊಟ್ಟರೂ ಇನ್ನೊಂದರಲ್ಲಿ ಎಲ್ಲ ಉಳಿಯುವಂಥದ್ದು ಆರಿಸಿದೆ. ರೂಟರ್ ಮಾತ್ರ ಒಳ್ಳೆಯದೇ ಬೇಕೆಂದೆ: ಒಂದು ಇಂಟರ್‌ನೆಟ್ ಲೈನ್ ಹೋದರೆ ತಾನೇ ಇನ್ನೊಂದಕ್ಕೆ ಹೊರಳುವಂಥದ್ದು. ತೊಡಕಿದ್ದದ್ದು ಧೂಳಿನದು. ಕಲ್ಲಿನ ಧೂಳು ಫ್ಯಾನಿನೊಳಗೆ ಹೊಕ್ಕರೆ ಸರ್ವರ್ ಕಾದು ಕೆಡುತ್ತದೆ. ಧೂಳು ಬರದ ಕೋಣೆ ಅಲ್ಲಿ ಒಂದೇ ಇತ್ತು, ಅಣ್ಣನದು. ಅಲ್ಲೇ ಇಡೋಣ ಅಂದೆ.

ಸರ್ವರ್ ಕೂಡಿಸುವ ದಿನ ತಮ್ಮ ಒಳಗೆ ಬಂದ. ಯಂತ್ರಗಳ ಕಡೆ ಹಾಕಿದ್ದ ಕ್ಯಾಮೆರಾಗಳ ಲೈನೂ ಇದರಲ್ಲೇ ಸೇರುತ್ತದೆಯೇ ಎಂದು ಕೇಳಿದ. ಹೌದೆಂದೆ.

"ಪಾಸ್‌ವರ್ಡ್ ಯಾರ ಕಡೆ ಇರ್ತೈತ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಅಂದ, "ನನ್ನ ಕಡೆ."

"ಅಂದ್ರ ನೀ ಇಲ್ಲಿ ಕುಂತು ನನ್ನ ಕಾಯಾಂವ. ನಾ ಏನು, ನಿನ್ನ ಆಳಾ?"

"ಹೆಂಗಸರ ಮುಂದ ಬಾಯಿ ಮಾಡಬ್ಯಾಡಲೇ. ಹೋಗ್, ಮಷಿನ್ ನೋಡು."

ತಮ್ಮ ಹೋದ. ಮುಗಿಯಿತು ಅಂದುಕೊಂಡೆ. ಅವನು ಕಲ್ಲಿನ ಹಲಗೆಗಳನ್ನು ಮೀಟುವ ಕಬ್ಬಿಣದ ಹಾರೆ ಹಿಡಿದು ತಿರುಗಿ ಬಂದ. ಮೊದಲ ಏಟಿಗೇ ಕೋಣೆಯ ಗಾಜು ಒಡೆದು ನನ್ನ ಮೇಲೆ ಸುರಿಯಿತು. ರೂಟರ್ ಹಿಡಿದಿದ್ದ ಕೈಯಿಂದ ರಕ್ತ ಇಳಿಯಿತು. ನೋವು ಆಮೇಲೆ ಗೊತ್ತಾಯಿತು. ಎರಡನೆಯ ಏಟು ಸರ್ವರಿನ ಮೇಲೆ ಬಿತ್ತು. ಅಣ್ಣ ಮೇಜು ಹಾರಿ ಬಂದು ತಮ್ಮನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ತಮ್ಮನ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ನಾನು ಚೀರುತ್ತಿದ್ದೆ; ಹೊರಗೆ ಕಲ್ಲು ಕೊಯ್ಯುವ ಯಂತ್ರದ ಸದ್ದಿನಲ್ಲಿ ಕೆಲಸಗಾರರಾರಿಗೂ ಕೇಳಲಿಲ್ಲ.

ಪಕ್ಕದ ಕೋಣೆಯಿಂದ ಓಡಿಬಂದದ್ದು ಅಣ್ಣನ ಹೆಂಡತಿ. "ಬಿಡ್ರಿ, ಸಾಯ್ತಾನಂವ!" ಎಂದು ಗಂಡನನ್ನು ಎಳೆದು ಬಿಡಿಸಿದರು. ಆಮೇಲೆ ತಮ್ಮನ ಕೈಯ ಹಾರೆಗೆ ಕೈಹಾಕಿದರು. ಉಸಿರು ಬಂದ ಕೂಡಲೇ ಅವನು ಆಕೆಯನ್ನು ಜೋರಾಗಿ ನೂಕಿದ. ಆಕೆ ಹಿಂದಕ್ಕೆ ಬಿದ್ದರು; ಗಿರಾಕಿಗಳಿಗೆ ತೋರಿಸಲು ಗೋಡೆಗೆ ಒರಗಿಸಿದ್ದ ನಮೂನೆ ಕಲ್ಲಿನ ಅಂಚು ತಲೆಗೆ ಬಡಿಯಿತು.

ತಮ್ಮ ಹಾರೆ ಬಿಟ್ಟ. "ವೈನಿ... ವೈನೀ..." ಎಂದು ಅತ್ತಿಗೆಯನ್ನು ಕರೆಯುತ್ತ ನೆಲಕ್ಕೆ ಕೂತ.

ಅಣ್ಣತಮ್ಮಂದಿರಿಬ್ಬರೂ ಆಕೆಯನ್ನು ಎತ್ತಿ ಕಾರಿನಲ್ಲಿ ಹಾಕಿದರು. ನಾನೂ ಹತ್ತಿದೆ; ಆಕೆಯ ತಲೆಯನ್ನು ನನ್ನ ದುಪಟ್ಟಾದಲ್ಲಿ ಒತ್ತಿ ಹಿಡಿದಿದ್ದೆ. ಆಸ್ಪತ್ರೆಯಲ್ಲಿ ಅಣ್ಣ ಡಾಕ್ಟರಿಗೆ ಹೇಳಿದ, "ಕಾಲು ಜಾರಿ ಬಿದ್ದಾಳ್ರಿ."

ಡಾಕ್ಟರು ನನ್ನ ಕೈಯ ಗಾಜಿನ ಚೂರು ನೋಡಿದರು. "ನೀವೂ ಜಾರಿ ಬಿದ್ರೇನು?"

ಅಣ್ಣ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. "ಜಾರಿ ಬಿದ್ದಿಲ್ರಿ," ಅಂದೆ. "ಇವರಿಬ್ರೂ ಹೊಡದಾಡಿದ್ರು. ಬಿಡಸಾಕ ಹೋದ ಅಕ್ಕಾರನ್ನ ನೂಕಿದ್ರು."

ಪೊಲೀಸರು ಬಂದರು. ಅಣ್ಣತಮ್ಮಂದಿರಿಬ್ಬರನ್ನೂ ಕರೆದೊಯ್ದರು. ಜಾಮೀನಿನ ಮೇಲೆ ಬಿಟ್ಟರೆಂದು ಆಮೇಲೆ ಕೇಳಿದೆ. ಎಷ್ಟೋ ದಿನ ಅಂಗಡಿಯ ಮುಂದೆ ಯಾವ ಕಾರು ನಿಂತರೂ ಎದ್ದು ಬಾಗಿಲ ಮರೆಯಿಂದ ನೋಡುತ್ತಿದ್ದೆ. ಆ ಕೆಲಸ ಮತ್ತೆ ಸಿಗುತ್ತದೆಂಬ ಆಸೆಯನ್ನೂ ಬಿಟ್ಟಿದ್ದೆ.

ಒಂದು ದಿನ ಆಕೆಯದೇ ಫೋನ್ ಬಂತು. ಮಾತು ಸ್ವಲ್ಪ ತಡವರಿಸುತ್ತಿತ್ತು. "ನೀ ಖರೆ ಹೇಳಿದ್ದಕ್ಕ ಇವ್ರಿಗೆ ಅಂಜಿಕಿ ಹುಟ್ಟೇತಿ ತಂಗಿ. ಇಲ್ಲಾಂದ್ರ ಮುಂದಿನ ಸಲ ಹೆಣಾನ ಬೀಳ್ತಿತ್ತು. ಕಾರ್ಖಾನಿ ನಡುವ ಗ್ವಾಡಿ ಕಟ್ಟೀವಿ. ಸರ್ವರ್ ಎರಡು, ರೂಟರ್ ಎರಡು ತಗೊಂಡು ಬಾ. ಇಬ್ರಿಗೂ ಒಂದ ಥರದ್ದು."

ಒಂದೇ ಥರದ್ದು ಆಗುವುದಿಲ್ಲವೆಂದು ವಿವರಿಸಿದೆ. ತಮ್ಮನ ಭಾಗದಲ್ಲಿ ಧೂಳು ಬರದ ಕೋಣೆ ಇರಲಿಲ್ಲ. ಅವನಿಗೆ ಫ್ಯಾನೇ ಇಲ್ಲದ ಮುಚ್ಚಿದ ಯಂತ್ರ ಆರಿಸಿದೆ. ಅಣ್ಣನ ಭಾಗದ ಕೆಲಸ ಆಕೆ ಪಕ್ಕದಲ್ಲಿ ಕೂತಿದ್ದಾಗಲೇ ಮುಗಿಯಿತು. ಗೋಡೆಯಾಚೆ ತಮ್ಮ ಒಬ್ಬನೇ ಇದ್ದ. ನಾನು ಬಾಗಿಲನ್ನು ಪೂರ್ತಿ ತೆರೆದಿಟ್ಟು ಕೆಲಸಕ್ಕೆ ಕೂತೆ.

ಕೇಬಲ್ ಸಿಕ್ಕಿಸುತ್ತಿದ್ದಾಗ ಅವನು ಕೇಳಿದ, "ವೈನಿ ನನ್ನ ಬಗ್ಗೆ ಏನರ ಅಂದ್ರೇನ್ರಿ?"

"ಇಲ್ರಿ."

ಅವನು ಹೊಸ ಗೋಡೆಗೆ ಮುಷ್ಟಿಯಿಂದ ಗುದ್ದಿದ. ಮತ್ತೆ ಮತ್ತೆ ಗುದ್ದಿದ. ಸುಣ್ಣದ ಮೇಲೆ ರಕ್ತದ ಗುರುತು ಮೂಡಿತು. ಹೆಗಲು ಅಳುವವರ ಹಾಗೆ ನಡುಗುತ್ತಿತ್ತು, ಆದರೂ ಹತ್ತಿರ ಹೋಗುವ ಧೈರ್ಯ ನನಗೆ ಬರಲಿಲ್ಲ. ಚೀಲ ಎತ್ತಿಕೊಂಡು ಹೊರಬಿದ್ದೆ. ಉಳಿದ ಕೆಲಸವನ್ನು ಹುನಗುಂದದ ಅಂಗಡಿಯಲ್ಲಿ ಕೂತು ಇಂಟರ್‌ನೆಟ್ಟಿನಲ್ಲೇ ಮುಗಿಸಿಕೊಟ್ಟೆ.