ಅಮ್ಮ ಬಂದವ್ಳೆ ಎಂದು ಅರಕಲಗೂಡಿಗೆ

ಹಾಸನದಲ್ಲಿ ಅರಕಲಗೂಡಿನ ಬಸ್ಸು ಹತ್ತಿದಾಗ ಇನ್ನೂ ಚಳಿಯಿತ್ತು. ಕಂಡಕ್ಟರ್ ನನ್ನ ಆಧಾರ್ ನೋಡಿ ಶೂನ್ಯ ರೂಪಾಯಿಯ ಟಿಕೆಟ್ ಕೊಟ್ಟ. ಟಿಕೆಟ್ಟಿಗೆ ದುಡ್ಡಿಲ್ಲ, ಕೂರಲು ಸೀಟೂ ಇಲ್ಲ. ಗೊರೂರಿನವರೆಗೆ ನಿಂತೇ ಹೋದೆ.

ಹಿಂದಿನ ಸಂಜೆ ತಂಗಿಯ ಅತ್ತೆ ಫೋನ್ ಮಾಡಿದ್ದರು. “ಮನೇಗೆ ಅಮ್ಮ ಬಂದವ್ಳೆ ಕಣವ್ವ, ಚಂದನನ ಇಸ್ಕೂಲ್ಗೆ ಕಳ್ಸಿಲ್ಲ,” ಅಂದರು. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಚಂದನಾ ನನ್ನ ತಂಗಿಯ ಮಗಳು, ಐದನೇ ಕ್ಲಾಸು. ತಂಗಿ ಗಂಡನೊಡನೆ ಜಗಳವಾಡಿ ಮನೆ ಬಿಟ್ಟು ಮೂರು ವರ್ಷವಾಗಿತ್ತು. ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಅಂತೂ ಬಂದಳಲ್ಲ! ಅವಳನ್ನು ಬೈಯಬೇಕಾದ್ದನ್ನೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡೆ.

ಅರಕಲಗೂಡಿನಲ್ಲಿ ಇಡ್ಲಿ ತಿಂದೆ. ಚಟ್ನಿ ನೀರು ನೀರಾಗಿತ್ತು. ತಂಗಿಗೆ ಎರಡು ಮೊಳ ಮಲ್ಲಿಗೆ, ಮಗುವಿಗೆ ನಿಪ್ಪಟ್ಟು ಕೊಂಡು ಕೊಣನೂರು ರಸ್ತೆಯ ಆಟೋ ಹತ್ತಿದೆ. ಪಕ್ಕದಲ್ಲಿ ಕೂತಿದ್ದವರು ಚಂದನಾಳ ಟೀಚರ್ ಎಂದು ಮಾತಿನಲ್ಲಿ ತಿಳಿಯಿತು. ಕರಾವಳಿಯವರು, ಊರಿಗೆ ಹೊಸಬರು. “ತಾಯಿ ಬಂದಿದ್ದಾರಂತಲ್ಲ, ನಾಲ್ಕು ದಿನ ಜೊತೆಗಿರಲಿ ಅಂತ ನಾನೂ ಸುಮ್ಮನಾದೆ,” ಅಂದರು. ನನಗೆ ಮತ್ತಷ್ಟು ಖುಷಿಯಾಯಿತು.

ಮನೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ತಂಗಿಯ ಅತ್ತೆ ಹೊಸಿಲಲ್ಲೇ ತಡೆದರು.

“ಅಲ್ಲೇ ನಿಂತ್ಕೊ ಕಣವ್ವ. ಮಗೀಗೆ ಅಮ್ಮ ಎದ್ದವ್ಳೆ. ನೀರ್ ಹಾಕೋಗಂಟ ಒರ್ಗಿನೋರು ಒಳೀಕೆ ಬರಂಗಿಲ್ಲ.”

ಸೀತಾಳೆ ಸಿಡುಬನ್ನು ನಮ್ಮಲ್ಲಿ ಕಾಯಿಲೆ ಎನ್ನುವುದಿಲ್ಲ. ಅಮ್ಮ ಮನೆಗೆ ಬಂದಳು ಎನ್ನುತ್ತೇವೆ. ಟೀಚರಿಗೆ ತಿಳಿಯದಿದ್ದರೆ ಸರಿ. ಹುಟ್ಟಿದಾಗಿನಿಂದ ಕೇಳಿದ ಮಾತನ್ನು ನಾನು ನನಗೆ ಬೇಕಾದಂತೆ ಕೇಳಿಸಿಕೊಂಡಿದ್ದೆ. ಜಗುಲಿಯ ಮೇಲೆ ಕೂತೆ.

ಕರಿದದ್ದು ಬೇಡವೆಂದು ಅತ್ತೆ ನಿಪ್ಪಟ್ಟು ಮುಟ್ಟಲಿಲ್ಲ. “ಊವ ಕೊಡು, ಅಮ್ಮಂಗೆ ಮುಡುಸ್ತೀನಿ,” ಎಂದು ಮಲ್ಲಿಗೆ ತೆಗೆದುಕೊಂಡು ಒಳಗೆ ಹೋದರು.

ಚಂದನಾ ಕಿಟಕಿಗೆ ಬಂದಳು. ಮುಖದ ತುಂಬ ಗುಳ್ಳೆ.

“ದೊಡ್ಡಮ್ಮ, ಅಜ್ಜಿ ‘ಅಮ್ಮ ಬಂದವ್ಳೆ’ ಅಂದೇಟ್ಗೆ ನಾನು ಬಾಗ್ಲಿಗೆ ಓಡೋದೆ. ಯಾರೂ ಇರ್ನಿಲ್ಲ.”

ಅವಳು ನನ್ನನ್ನೇ ನೋಡಿದಳು.

“ನೀನೂ ಅಂಗೇ ಅನ್ಕೊಂಡು ಬಂದ್ಯಾ?”

“ಹೂಂ ಕಣೆ,” ಅಂದೆ. ಅಳು ತಡೆಯಲಾಗಲಿಲ್ಲ.

“ಸದ್ಯ,” ಅಂದಳು ಚಂದನಾ, “ನಾನೊಬ್ಳೇ ಅಲ್ಲ.”