ಹಿಂದಿನ ಸೀಟಿನ ಪೆಟ್ರೋಲ್ ವಾಸನೆ

ಭಾನುವಾರ ಬೆಳಿಗ್ಗೆ ಒಯ್ದ ನನ್ನ ಕಾರನ್ನು ಅಣ್ಣ ಸಂಜೆ ತಂದು ಬಿಟ್ಟಾಗ ಒಳಗೆಲ್ಲ ಊದಿನಕಡ್ಡಿಯ ಪರಿಮಳ ತುಂಬಿತ್ತು. ಅವ್ವನನ್ನು ನೀರಮಾನ್ವಿ ಯಲ್ಲಮ್ಮನ ಗುಡಿಗೆ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಒಯ್ದಿದ್ದ. ಸ್ಟೀರಿಂಗ್ ಪಕ್ಕದಲ್ಲಿ ಒಂದಿಷ್ಟು ಬೂದಿಯೂ ಉದುರಿತ್ತು. ಗಾಡಿಗೂ ಪೂಜೆ ಮಾಡಿಸಿದ್ದಾನೆ ಎಂದುಕೊಂಡು ನನಗೆ ಸಂತೋಷವೇ ಆಯಿತು.

ನಾನಿರುವುದು ರಾಯಚೂರಿನಲ್ಲಿ, ಕಲಿಸುವುದು ದೇವದುರ್ಗದ ಶಾಲೆಯೊಂದರಲ್ಲಿ. ಅವ್ವ, ಅಣ್ಣ ಮಾನ್ವಿಯಲ್ಲಿದ್ದಾರೆ. ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತು ಓಡಾಡಿದ ಮೇಲೆ, ಇನ್ಯಾರೋ ಓಡಿಸಿದ ಈ ಕಾರನ್ನು ಕೊಂಡಿದ್ದೆ. ಶಾಲೆಯ ಇಬ್ಬರು ಟೀಚರುಗಳು ದಿನವೂ ನನ್ನ ಜೊತೆ ಬರುತ್ತಿದ್ದರು. ಮನೆಗೂ ಶಾಲೆಗೂ ನಡುವಿನ ಆ ದಾರಿಯಲ್ಲಿ ನಮ್ಮನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮನಸ್ಸು ಬಿಚ್ಚಿ ನಗುತ್ತಿದ್ದದ್ದು ಅಲ್ಲಿಯೇ.

ಸೋಮವಾರ ಬಿಸಿಲು ಏರುತ್ತಿದ್ದಂತೆ ಪರಿಮಳ ಹೋಗಿ ಅದರಡಿಯ ವಾಸನೆ ಎದ್ದಿತು.

"ಪೆಟ್ರೋಲ್ ಸೋರಾಕತ್ತದ ಏನ್ರಿ ಟೀಚರ್?" ಎಂದು ಹಿಂದೆ ಕೂತಿದ್ದ ಟೀಚರ್ ಕೇಳಿದರು.

ಗಾಡಿ ನಿಲ್ಲಿಸಿ ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ. ಮಧ್ಯಾಹ್ನ ಅಣ್ಣನಿಗೆ ಫೋನ್ ಮಾಡಿ, ಗಾಡಿಯಲ್ಲಿ ಪೆಟ್ರೋಲ್ ಒಯ್ದಿದ್ದೆಯಾ ಎಂದು ಕೇಳಿದೆ.

"ನಾ ಯಾಕ ಪೆಟ್ರೋಲ್ ಒಯ್ಯಲಿ? ಹಳೀ ಗಾಡಿ ಬೇ ಅದು. ಪೈಪ್ ಹೋಗಿರಬೇಕು ನೋಡು," ಎಂದ.

ರಾಯಚೂರಿನ ಮೆಕ್ಯಾನಿಕ್ ಪೈಪು, ಟ್ಯಾಂಕು ಎಲ್ಲ ನೋಡಿ, ಸೋರಿಕೆ ಇಲ್ಲವೆಂದ. ಹಾಗಾದರೆ ಒಳಗೇ ಚೆಲ್ಲಿರಬೇಕು ಎಂದು ತೊಳೆಯಲು ಶುರುಮಾಡಿದೆ. ಹಿಂದಿನ ಮ್ಯಾಟಿನ ಮೇಲೆ ಅಡುಗೆ ಸೋಡ ಉದುರಿಸಿ ಗುಡಿಸಿದೆ. ವಿನೆಗರ್ ನೀರಲ್ಲಿ ಉಜ್ಜಿದೆ. ಬಟ್ಟಲಲ್ಲಿ ಕಾಫಿ ಪುಡಿ ಇಟ್ಟೆ. ನಿಂಬೆ ವಾಸನೆಯ ಡಬ್ಬಿ ತೂಗುಹಾಕಿದರೆ ನಿಂಬೆ, ಪೆಟ್ರೋಲು ಎರಡೂ ಸೇರಿ ನಾರಿತು, ಅದನ್ನೂ ಕಿತ್ತು ಎಸೆದೆ. ವಾಟರ್ ಸರ್ವಿಸ್‌ನವರು ನೊರೆ ಹಾಕಿ ತೊಳೆದು ಸೆಂಟು ಹೊಡೆದು ಕೊಟ್ಟರು. ಮರುದಿನದ ಬಿಸಿಲಿಗೆ ಅದು ಮತ್ತೆ ಎದ್ದಿತು.

ಒಬ್ಬ ಟೀಚರ್ ದಾರಿಯುದ್ದಕ್ಕೂ ಮೂಗಿಗೆ ಸೆರಗು ಹಿಡಿದುಕೊಂಡರು. ಇನ್ನೊಬ್ಬರು ಮುಖವನ್ನು ಕಿಟಕಿಯ ಹೊರಗೇ ಇಟ್ಟರು. ಕೊನೆಗೆ, "ಬ್ಯಾಸರ ಮಾಡ್ಕೋಬ್ಯಾಡ್ರಿ, ತಲಿ ಸಿಡಿತದ್ರಿ. ನಾವು ಬಸ್ಸಿಗೇ ಬರ್ತೀವಿ," ಎಂದರು. ನಾನೊಬ್ಬಳೇ ಓಡಾಡಿದೆ. ಮೊದಲ ಪಾಠಕ್ಕೇ ತಲೆನೋವು ಹಿಡಿಯುತ್ತಿತ್ತು, ಸುಮ್ಮಸುಮ್ಮನೆ ಮಕ್ಕಳ ಮೇಲೆ ರೇಗುತ್ತಿದ್ದೆ.

ಅವ್ವನಿಗೆ ಫೋನಿನಲ್ಲಿ ಹೇಳಿಕೊಂಡೆ. "ಗಾಡಿ ಅಂದ ಮ್ಯಾಲ ಪೆಟ್ರೋಲ್ ವಾಸ್ನಿ ಬರಲಾರದ ಹೂವಿನ ವಾಸ್ನಿ ಬರ್ತದೇನು?" ಎಂದಳು.

ರಜೆಯ ದಿನ ಮೆಕ್ಯಾನಿಕ್‌ಗೆ ಹೇಳಿ ಸೀಟು ಬಿಚ್ಚಿಸಿದೆ. ಹಿಂದಿನ ಸೀಟಿನ ಕೆಳಗೆ ಒಂದು ಬಟ್ಟೆಯ ಮುದ್ದೆ ಸಿಕ್ಕಿತು. ಬಿಡಿಸಿ ನೋಡಿದರೆ ಹರಿದ ಸೀರೆ. ಹಸಿರು ಒಡಲು, ಹಳದಿ ಅಂಚು. ದೀಪಾವಳಿಗೆ ನಾನೇ ಅವ್ವನಿಗೆ ಕೊಡಿಸಿದ್ದು. ಕಾರ್ಪೆಟ್ ಎತ್ತಿದಾಗ ಅದರಡಿಯ ದಪ್ಪ ಹಾಸು ಪೆಟ್ರೋಲ್ ಹೀರಿ ಕಪ್ಪಾಗಿತ್ತು.

"ಕ್ಯಾನ್ ಉರುಳ್ಯಾದ್ರಿ ಇಲ್ಲಿ. ಮ್ಯಾಲ ಎಷ್ಟು ತೊಳದ್ರೂ ಕೆಳಗಿಂದು ಹೋಗಂಗಿಲ್ಲ," ಎಂದ ಮೆಕ್ಯಾನಿಕ್.

"ಇದರೊಳಗ ಊದಿನಕಡ್ಡಿ ಹಚ್ಚಿದ್ರು," ಎಂದೆ.

ಅವನು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದ. "ನಸೀಬ್ ಚೊಲೊ ಅದರಿ ಅವರದು."

ಸೀರೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿಕೊಂಡು ಮಾನ್ವಿ ಬಸ್ಸು ಹತ್ತಿದೆ. ಅಣ್ಣ ಮನೆಯಲ್ಲಿರಲಿಲ್ಲ. ಅವ್ವ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಚೀಲ ಬಿಚ್ಚಿ ಮುಂದಿಟ್ಟೆ. ನೋಡಿದಳು, ಕೈ ನಿಲ್ಲಿಸಲಿಲ್ಲ.

"ಕುರ್ಡಿ ಊರಾಗಿನ ಹೊಲಕ್ಕ ಔಷಧ ಹೊಡಿಯೋ ಮಷೀನಿಗೆ ಪೆಟ್ರೋಲ್ ಬೇಕಾಗಿತ್ತು. ಕ್ಯಾನ್ ನಿಮ್ಮಣ್ಣ ನನ್ನ ಕಾಲಬುಡಕ್ಕೇ ಇಟ್ಟಿದ್ದ. ಗುಂಡ್ಯಾಗ ಗಾಡಿ ಎಗರಿ ಉರುಳಿತು. ಸೀರಿಯೆಲ್ಲ ತೊಯ್ತು. ಕುರ್ಡ್ಯಾಗ ಬ್ಯಾರೆ ಸೀರಿ ಇಸ್ಕೊಂಡು ಉಟ್ಟು, ಇದನ್ನ ಹರಿದು ಒರೆಸಿದ್ವಿ."

"ಗುಡಿಗೆ ಹೋಗೇ ಇಲ್ಲೇನು?"

"ಅಂಥಾ ವಾಸ್ನಿ ಹೊತಗೊಂಡು ಗುಡಿಗೆ ಹೆಂಗ ಹೋಗೂದು?"

"ನನಗ ಒಂದ್ ಮಾತು ಹೇಳಬಾರದಾಗಿತ್ತೇನವ್ವಾ? ದಿನಾ ಆ ವಾಸ್ನೀನೇ ಕುಡಿಯಾಕತ್ತೀನಿ."

"ಹೇಳಿದ್ರ ನೀ ಅವಗ ಮತ್ತ ಗಾಡಿ ಕೊಡ್ತಿದ್ದಿಲ್ಲ."

ಹೀಗೆಂದು ಬೇಳೆಯೊಳಗಿನ ಕಲ್ಲೊಂದನ್ನು ಆರಿಸಿ ಎಸೆದಳು. ತಪ್ಪು ಮಾಡಿದವಳ ಅಳುಕು ಅವಳ ಮುಖದಲ್ಲಿರಲಿಲ್ಲ. ನನ್ನ ತಲೆನೋವು, ಮಗನ ಮುಂದಿನ ಓಡಾಟ ಎರಡನ್ನೂ ಅವಳು ಎಂದೋ ತೂಗಿ ನೋಡಿ ಮುಗಿಸಿದ್ದಳು. ಚಹಾ ಕುಡಿಯದೆ ಹೊರಟೆ. ಕುಡಿದು ಹೋಗೆಂದು ಅವಳೂ ಅನ್ನಲಿಲ್ಲ.

ಹಾಸನ್ನು ಕಿತ್ತು ಹೊಸದು ಹಾಕಿಸಿದೆ. ಸೀಟು, ಕಾರ್ಪೆಟ್‌ಗಳನ್ನು ಮಾಳಿಗೆಯ ಮೇಲೆ ಒಣಗಿಸಿದೆ. ಬಾಗಿಲು ತೆರೆದಿಟ್ಟು ಗಾಡಿಯನ್ನೂ ಗಾಳಿಗೆ ಬಿಟ್ಟೆ. ವಾಸನೆ ದಿನದಿಂದ ದಿನಕ್ಕೆ ಇಳಿದು ಪೂರ್ತಿ ಹೋಯಿತು. ಟೀಚರುಗಳನ್ನು ಮತ್ತೆ ಕರೆದೆ. "ಬಸ್ಸೇ ರೂಢಿ ಆಗ್ಯಾದ್ರಿ," ಎಂದರು. ಅಲ್ಲಿ ಅವರಿಗೆ ಬೇರೆ ಜೊತೆ ಸಿಕ್ಕಿತ್ತು.

ಚಂದ್ರಬಂಡದಲ್ಲಿ ಸಂಬಂಧಿಕರ ಮದುವೆ ಬಂತು. ಅಣ್ಣ ಗಾಡಿ ಕೇಳಿದ, ಕೊಡುವುದಿಲ್ಲ ಎಂದೆ. ಮದುವೆಯಲ್ಲಿ ಊಟ ಮುಗಿಸಿ, "ಬಾ ಅವ್ವಾ, ಮಾನ್ವಿಗೆ ಬಿಟ್ಟು ಬರ್ತೀನಿ," ಎಂದು ಕರೆದೆ. ಸುತ್ತ ಎಲ್ಲರೂ ನಿಂತಿದ್ದರು.

"ಆ ಗಾಡ್ಯಾಗ ನಾ ಕೂಡಂಗಿಲ್ಲ. ಪೆಟ್ರೋಲ್ ವಾಸ್ನಿ ಹೊಡಿತದ," ಎಂದಳು ಅವ್ವ.

ಅಣ್ಣ ಪಕ್ಕದಲ್ಲೇ ಎಲೆ ಅಡಿಕೆ ಜಗಿಯುತ್ತಿದ್ದ.

"ವಯಸ್ಸಾದಾಕಿ, ಗಾಡಿ ಸ್ವಲ್ಪ ಸ್ವಚ್ಛ ಮಾಡಿಸಬಾರದೇನವಾ?" ಎಂದರು ಹಿರಿಯರೊಬ್ಬರು.

ಮಾಡಿಸುತ್ತೇನೆ ಎಂದು ಹೇಳಿ ಗಾಡಿ ಹತ್ತಿದೆ.