ಹನ್ನೊಂದು ಪದರದ ಮುಖ

"ಅಮ್ಮಾ, ಕನ್ನಡಿ ಆಂಟಿ ದಿನಾ ಮುಖ ತೊಳೀತಾರಲ್ಲ, ಆದ್ರೂ ಅಷ್ಟೊಂದು ಕೊಳೆ ಎಲ್ಲಿಂದ ಬರುತ್ತೆ?"

ನಾಲ್ಕೂವರೆ ವರ್ಷದ ಮಗಳು ಇದನ್ನು ಕೇಳಿದಾಗ ನಾನು ಅವಳ ಒಂಟಿ ಕಾಲುಚೀಲದ ಜೊತೆಗಾರನನ್ನು ಮಂಚದ ಕೆಳಗೆ ಹುಡುಕುತ್ತಿದ್ದೆ. ಹಿಂದಿನ ಸಂಜೆ ಅವಳು ಮೇಲಿನ ಮಹಡಿಯ ಮನೆಯಲ್ಲಿ ಕುಳಿತು ಒಂದು ಅದ್ಭುತ ನೋಡಿ ಬಂದಿದ್ದಳು. ಆ ಮನೆಯಾಕೆ ಕೆನ್ನೆಗೆ ಒಂದು ಜೆಲ್ ಸವರಿ ಬೆರಳಿನಿಂದ ಉಜ್ಜಿದರೆ, ರಬ್ಬರಿನಿಂದ ಅಕ್ಷರ ಅಳಿಸಿದಾಗ ಬೀಳುವಂಥ ಎಳೆಗಳು ಉದುರುತ್ತವೆ. "ನೋಡು ಪುಟ್ಟಾ, ಇದೆಲ್ಲ ಸತ್ತ ಚರ್ಮ" ಎಂದು ಅಂಗೈಯಲ್ಲಿ ಹಿಡಿದು ತೋರಿಸಿದ್ದರಂತೆ. ಗಣಿಯಿಂದ ಚಿನ್ನ ತೆಗೆದವರಿಗೂ ಅಷ್ಟು ಹೆಮ್ಮೆ ಇರಲಿಕ್ಕಿಲ್ಲ.

ಕನ್ನಡಿ ಅಕ್ಕ ಎಂಬುದು ಅವರಿಗೆ ನಮ್ಮ ಕಟ್ಟಡದವರು ಇಟ್ಟ ಹೆಸರು. ಲಿಫ್ಟಿನ ಬಾಗಿಲು, ನಿಂತ ಕಾರಿನ ಗಾಜು, ಚಮಚದ ಬೆನ್ನು, ಎಲ್ಲಿ ತಮ್ಮ ಮುಖ ಕಂಡರೂ ಅಲ್ಲೊಂದು ಗಳಿಗೆ ನಿಂತೇ ಮುಂದೆ ಹೋಗುತ್ತಾರೆ. ನಾವು ಇಲ್ಲಿಗೆ ಬಂದು ಐದು ವರ್ಷವಾಯಿತು; ಅಂದಿನಿಂದಲೂ ಅವರಿಗೆ ಮೂವತ್ತಾರೇ ವಯಸ್ಸು. ಮುಖ್ಯರಸ್ತೆಯ ದೊಡ್ಡ ಅಂಗಡಿಯಲ್ಲಿ, ಗಾಜಿನ ಬಾಗಿಲು ದಾಟಿದ ಕೂಡಲೇ ಸಿಗುವ ಕ್ರೀಮು ಲೋಷನ್ನುಗಳ ಕೌಂಟರು ಅವರದು. ಆ ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರನ್ನು ನೆಲಮಾಳಿಗೆಯ ಗೋದಾಮಿನಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಲು ಕೂರಿಸಿದ್ದರು. ಅಲ್ಲಿ ಕಿಟಕಿಯಿಲ್ಲ, ಮಾತಿಗೆ ರಟ್ಟಿನ ಪೆಟ್ಟಿಗೆಗಳು ಬಿಟ್ಟರೆ ಯಾರೂ ಇಲ್ಲ. ಅಲ್ಲಿಂದ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಮುಂದಿನ ಕೌಂಟರಿಗೆ ಬಂದದ್ದು ಅವರ ಬಾಳಿನ ದಿಗ್ವಿಜಯ. ಆ ಮೆಟ್ಟಿಲುಗಳ ಲೆಕ್ಕ ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಬಾಯಿಪಾಠ.

ಈಗ ಆ ಮೆಟ್ಟಿಲು ಇಳಿಯುವ ಕಾಲ ಬಂದಂತಿತ್ತು. ಕೆನ್ನೆಗಳ ಮೇಲೆ ಕೆಂಪು ಪಟ್ಟೆ, ಮೂಗಿನ ಪಕ್ಕ ಸಿಪ್ಪೆ, ಗಲ್ಲದ ಮೇಲೆ ಸಾಸಿವೆ ಚೆಲ್ಲಿದಂಥ ಗುಳ್ಳೆಗಳು. ಐದು ವಾರ ಬಿಟ್ಟು ಕಂಪನಿಯವರು ಕೌಂಟರಿನವರ ಫೋಟೋ ತೆಗೆಯಲು ಬರುತ್ತಾರೆ, ಅಷ್ಟರಲ್ಲಿ ಮುಖ ನೆಟ್ಟಗಾಗದಿದ್ದರೆ ಗೋದಾಮಿಗೆ ಹೋಗಬೇಕಾಗುತ್ತದೆ ಎಂದು ಅವರ ಮ್ಯಾನೇಜರು ನಯವಾಗಿ ಹೇಳಿದ್ದ. ಅವನು ನಯವಾಗಿ ಹೇಳುವುದನ್ನು ಒಂದು ವಾರದ ತರಬೇತಿಯಲ್ಲಿ ಕಲಿತು ಬಂದವನು.

ಕನ್ನಡಿ ಅಕ್ಕ ಏನು ಮಾಡಿದರು? ಏಳು ಪದರ ಹಚ್ಚುತ್ತಿದ್ದವರು ಹನ್ನೊಂದಕ್ಕೆ ಏರಿಸಿದರು. ಮೊದಲು ಎಣ್ಣೆಯ ತೊಳೆತ, ಆಮೇಲೆ ನೊರೆಯ ತೊಳೆತ, ಆಮೇಲೆ ಆ ಜೆಲ್, ಅದರ ಮೇಲೆ ಹುಳಿ ವಾಸನೆಯ ನೀರು, ಹನಿಹನಿಯಾಗಿ ಹಾಕುವ ಮೂರು ಬಗೆಯ ಸೀರಮ್ಮು, ಕಣ್ಣಿನ ಕೆಳಗಿನದು, ಕಣ್ಣಿನ ಮೇಲಿನದು, ಹೊಳಪಿನದು, ಕೊನೆಗೆ ಇವೆಲ್ಲ ಓಡಿಹೋಗದಂತೆ ಮುಚ್ಚುವ ಒಂದು ದಪ್ಪ ಕ್ರೀಮು. ಹಚ್ಚಿದಾಗ ಉರಿಯುವುದಿಲ್ಲವೇ ಎಂದು ಕೇಳಿದೆ. ಉರಿದರೆ ತಾನೇ ಕೆಲಸ ಮಾಡುತ್ತಿದೆ ಅಂತ ಅರ್ಥ ಎಂದರು. ಈ ಮಾತನ್ನು ಗಿರಾಕಿಗಳಿಗೆ ಹೇಳಿ ಹೇಳಿ ಅವರಿಗೇ ನಂಬಿಕೆ ಬಂದುಬಿಟ್ಟಿತ್ತು.

ಅವರ ಗಂಡ ಗೋಡೆಗೆ ಬಣ್ಣ ಬಳಿಯುವವರು. ಉಗುರಿನ ಸಂದಿಯಲ್ಲಿ ಸುಣ್ಣ ಇಟ್ಟುಕೊಂಡೇ ಊಟಕ್ಕೆ ಕೂರುವ ಮನುಷ್ಯ, ಬಾಯಿ ಮಾತ್ರ ಚುರುಕು. ಒಂದು ಸಂಜೆ ನಾನು ಅಲ್ಲಿದ್ದಾಗಲೇ ಶುರುಮಾಡಿದರು.

"ಎಷ್ಟನೇ ಕೋಟು ಈಗ?"

"ನಿಮ್ಮ ಗೋಡೆ ಬೇರೆ, ನನ್ನ ಮುಖ ಬೇರೆ. ಸುಮ್ನಿರಿ."

"ಗೋಡೆಗಾದ್ರೆ ಒಂದು ಒಣಗೋವರೆಗೂ ಇನ್ನೊಂದು ಹಚ್ಚಲ್ಲ ಕಣೇ. ಹಚ್ಚಿದ್ರೆ ಪೊರೆ ಏಳುತ್ತೆ. ಎದ್ದಿದೆ ನೋಡು, ಮೂಗಿನ ಹತ್ರ."

ಅಕ್ಕ ಎದ್ದು ಒಳಗೆ ಹೋದರು. ಬಚ್ಚಲಿನ ನಲ್ಲಿ ಬಹಳ ಹೊತ್ತು ಸುರಿಯಿತು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಸೀರಮ್ಮು ಕಣ್ಣಿಗೆ ಹೋಯಿತು ಎಂದರು. ಗಂಡ ಟಿವಿಯ ಸದ್ದು ಕಡಿಮೆ ಮಾಡಿದರು.

ನನ್ನನ್ನೇನೂ ಸಾಚಾ ಅಂದುಕೊಳ್ಳಬೇಡಿ. ಅದೇ ಜೆಲ್ಲಿನ ಡಬ್ಬಿಯೊಂದು ನನ್ನ ಬಚ್ಚಲಿನಲ್ಲೂ ಇತ್ತು, ಅಕ್ಕನೇ ನನಗೆ ಮಾರಿದ್ದು. ಮಗು ಹುಟ್ಟಿದ ಹೊಸದರಲ್ಲಿ ಕನ್ನಡಿಯಲ್ಲಿ ನನ್ನ ಮುಖ ನೋಡಿ ನಾನೇ ಗುರುತು ಹಿಡಿಯದ ದಿನ ಕೊಂಡದ್ದು. ಆದರೆ ಮಗಳ ಪ್ರಶ್ನೆ ಕೇಳಿದ ಮೇಲೆ ನನಗೆ ಅನುಮಾನ ಕೊರೆಯತೊಡಗಿತು. ಅವಳನ್ನು ಶಾಲೆಗೆ ಬಿಟ್ಟು ಬಂದು, ಆಗತಾನೇ ಬೆಳಗಿ ಒರೆಸಿಟ್ಟ ಸ್ಟೀಲ್ ತಟ್ಟೆಯ ಮೇಲೆ ಜೆಲ್ ಸವರಿ ಉಜ್ಜಿದೆ. ತಟ್ಟೆಯಿಂದಲೂ ಎಳೆ ಎಳೆಯಾಗಿ ಸತ್ತ ಚರ್ಮ ಬಂತು. ಗಾಜಿನ ಲೋಟದಿಂದ ಇನ್ನೂ ಚೆನ್ನಾಗಿ ಬಂತು.

ಸಂಜೆ ತಟ್ಟೆ, ಲೋಟ, ಡಬ್ಬಿ ಮೂರನ್ನೂ ಹಿಡಿದು ಮೇಲೆ ಹೋದೆ. ಅವರ ಕಣ್ಣೆದುರೇ ಉಜ್ಜಿ ತೋರಿಸಿದೆ. ಅಕ್ಕ ಒಂದಿಷ್ಟೂ ಬೆರಗಾಗಲಿಲ್ಲ.

"ಅದು ಗೊತ್ತಮ್ಮಾ. ಜೆಲ್ಲೇ ಉಂಡೆ ಕಟ್ಟೋದು. ನಮ್ಗೆ ಮೊದಲ ದಿನಾನೇ ಹೇಳ್ಕೊಡ್ತಾರೆ, ಗಿರಾಕಿ ಕೈ ಒಣಗಿರ್ಬೇಕು, ಇಲ್ದಿದ್ರೆ ಉಂಡೆ ಬರಲ್ಲ ಅಂತ."

"ಗೊತ್ತಿದ್ದೂ ನಿಮ್ಮ ಮುಖಕ್ಕೆ ದಿನಾ ಉಜ್ಜಿದ್ರಾ ಅಕ್ಕಾ?"

ಅವರು ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತರು. "ಉದುರೋದು ನೋಡಿದ್ರೆ ಏನೋ ಹೋಯ್ತು ಅಂತ ಸಮಾಧಾನ ಆಗ್ತಿತ್ತು" ಎಂದರು.

ಮರುದಿನ ಚರ್ಮದ ಡಾಕ್ಟರ ಹತ್ತಿರ ಹೊರಟೆವು. ಅಕ್ಕ ಒಂದು ಚೀಲದ ತುಂಬ ಸೀಸೆಗಳನ್ನು ತಂದಿದ್ದರು, ಮೆಟ್ಟಿಲು ಇಳಿಯುವಾಗ ಅವು ಹಾಲಿನವನ ಬಾಟಲಿಗಳಂತೆ ಕಿಣಿಕಿಣಿ ಅನ್ನುತ್ತಿದ್ದವು. ಡಾಕ್ಟರಮ್ಮ ಒಂದೊಂದಾಗಿ ಮೇಜಿನ ಮೇಲೆ ಇರಿಸಿದರು, ಆಮೇಲೆ ಮೇಜಿನಲ್ಲಿ ಜಾಗ ಸಾಲದೆ ತೂಕದ ಯಂತ್ರದ ಮೇಲೂ ಇರಿಸಿದರು.

"ಇಷ್ಟೂ ಒಂದೇ ಮುಖಕ್ಕಾ?"

ಬಿಸಿಲಿಗೆ ಏನು ಹಚ್ಚುತ್ತೀರಿ ಎಂಬುದು ಅವರ ಎರಡನೇ ಪ್ರಶ್ನೆ. ಏನೂ ಇಲ್ಲ ಎಂದು ಗೊತ್ತಾಯಿತು. ಹನ್ನೊಂದು ಪದರದಲ್ಲಿ ಬಿಸಿಲು ತಡೆಯುವುದು ಒಂದೂ ಇರಲಿಲ್ಲ. ಅದು ಹೊಳಪನ್ನು ಮಂಕು ಮಾಡುತ್ತದೆ ಎಂದು ಅಕ್ಕ ಅದನ್ನು ದೂರ ಇಟ್ಟಿದ್ದರು. ಮಧ್ಯಾಹ್ನವಿಡೀ ಪಶ್ಚಿಮದ ಬಿಸಿಲು ಗಾಜಿನ ಬಾಗಿಲು ತೂರಿ ಬಂದು ಬೀಳುವುದೇ ಅವರ ಕೌಂಟರಿನ ಮೇಲೆ.

ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯಲ್ಲಿ ಮೂರೇ ಸಾಲು. ನೊರೆ ಉಕ್ಕಿಸದ ಸೌಮ್ಯ ಫೇಸ್‌ವಾಶಿನಿಂದ ಮುಖ ತೊಳೆಯುವುದು, ಒದ್ದೆ ಆರುವ ಮೊದಲೇ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚುವುದು, ಬೆಳಿಗ್ಗೆ ಎರಡು ಬೆರಳಿನುದ್ದ ಸನ್‌ಸ್ಕ್ರೀನ್, ಕತ್ತು ಕಿವಿಯನ್ನೂ ಬಿಡದೆ. ಉಳಿದದ್ದೆಲ್ಲ ಬಂದ್. ಮುಖ ಶಾಂತವಾದ ಮೇಲೆ ಬೇಕಿದ್ದರೆ ಒಂದೊಂದಾಗಿ ಸೇರಿಸಬಹುದು, ಯಾವುದು ಕಚ್ಚುತ್ತದೆ ಎಂದು ಆಗ ತಿಳಿಯುತ್ತದೆ.

ಹೊರಗೆ ಬಂದ ಅಕ್ಕನಿಗೆ ಅವಮಾನವಾಗಿತ್ತು. ಇಷ್ಟು ಚಿಕ್ಕ ಚೀಟಿ ಬರೆಯುವ ಡಾಕ್ಟರು ಓದಿದ್ದಾದರೂ ಏನು ಎಂದು ದಾರಿಯುದ್ದಕ್ಕೂ ಗೊಣಗಿದರು. ಮಗಳಿಗೆ ಮೊಣಕೈ ಸಂದಿಯಲ್ಲಿ ತುರಿಕೆಯಾದಾಗ ಮಕ್ಕಳ ಡಾಕ್ಟರು ಬರೆದದ್ದೂ ಇದೇ ಮಾಯಿಶ್ಚರೈಸರ್ ಎಂದೆ. ಅದು ಸಮಾಧಾನವಾಗುವ ಬದಲು ಬೆಂಕಿಗೆ ತುಪ್ಪ ಸುರಿದಂತಾಯಿತು. "ನಂಗೆ ನಾಲ್ಕೂವರೆ ವರ್ಷಾನಾ?" ಎಂದರು. ಮೂವತ್ತಾರು ಎಂದು ನೆನಪಿಸಿದೆ.

ಚೀಲವನ್ನು ನನ್ನ ಸುಪರ್ದಿಗೆ ಕೊಟ್ಟರು. ಮೊದಲ ವಾರ ದಿನಾ ಸಂಜೆ ಒಂದಲ್ಲ ಒಂದು ನೆಪ ಮಾಡಿಕೊಂಡು ಇಳಿದು ಬರುತ್ತಿದ್ದರು. ಒಂದು ಸಲ ಸೀಸೆಯನ್ನು ಮೂಸಿ ನೋಡಿ ಕೊಟ್ಟುಬಿಡುತ್ತೇನೆ ಎಂದರು; ನಾನು ಕೊಡಲಿಲ್ಲ. ಮೂಲೆಯ ಕಪಾಟಿನ ಮೇಲೆ ಕೈ ಎಟುಕದ ಕಡೆ ಇಟ್ಟಿದ್ದೆ, ಬಿಸ್ಕತ್ತಿನ ಡಬ್ಬಿಯ ಪಕ್ಕದಲ್ಲಿ. ಎರಡನೇ ವಾರ ಮುಖ ಹಳೆಯ ಪೋಸ್ಟರಿನಂತೆ ಸುಲಿಯಿತು, ನಾನೂ ಒಳಗೊಳಗೇ ಹೆದರಿದೆ. ಮೂರನೇ ವಾರದ ಕೊನೆಗೆ ಕೆಂಪು ಇಳಿಯಿತು. ನಾಲ್ಕನೆಯದರಲ್ಲಿ ಗಂಡ ಕೆಲಸ ಮುಗಿಸಿ ಬಂದವರು ಚಪ್ಪಲಿ ಬಿಡುವುದನ್ನು ಮರೆತು ನೋಡಿದರಂತೆ. ಇದನ್ನು ಅಕ್ಕ ನನಗೆ ಮೂರು ಸಲ ಹೇಳಿದರು.

ಕಂಪನಿಯವರು ಬಂದರು, ಫೋಟೋ ತೆಗೆದರು. ಅಕ್ಕ ಕೌಂಟರಿನಲ್ಲೇ ಉಳಿದರು. ಅಷ್ಟೇ ಅಲ್ಲ, ಮ್ಯಾನೇಜರು ಅವರ ಕೈಗೆ ಅಂಗಡಿಯಲ್ಲೇ ಅತಿ ದುಬಾರಿಯಾದ ಡಬ್ಬಿಯನ್ನು ಕೊಟ್ಟು ಫೋಟೋಗೆ ನಿಲ್ಲಿಸಿದ್ದ. ಈಗ ಅಂಗಡಿಯ ಬಾಗಿಲಿನ ಪಕ್ಕ ಆಳೆತ್ತರದ ಫೋಟೋದಲ್ಲಿ ಕನ್ನಡಿ ಅಕ್ಕ ನಿಂತಿದ್ದಾರೆ, ಕೆಳಗೆ ದಪ್ಪ ಅಕ್ಷರದಲ್ಲಿ "ನನ್ನ ಕಾಂತಿಯ ಗುಟ್ಟು" ಎಂದಿದೆ. ಆ ಡಬ್ಬಿಯ ಮುಚ್ಚಳವನ್ನು ಅವರು ತೆರೆದೂ ಇರಲಿಲ್ಲ.

ನಿನ್ನೆ ಬಂದಿದ್ದರು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಬಂದ ಹೆಂಗಸರೆಲ್ಲ ಆ ಫೋಟೋ ನೋಡಿ ಅದೇ ಡಬ್ಬಿ ಕೇಳುತ್ತಿದ್ದಾರಂತೆ. ಅವರಿಗೆ ಏನು ಹೇಳುತ್ತೀರಿ ಎಂದು ನಾನು ತುಸು ಕಟುವಾಗಿಯೇ ಕೇಳಿದೆ.

"ಉರಿದ್ರೆ ನಿಲ್ಸಿಬಿಡಿ ಅಂತೀನಿ. ಬಿಸಿಲಿಗೆ ಹಚ್ಕೊಳ್ಳಿ ಅಂತೀನಿ. ಅದಕ್ಕಿಂತ ಒಂದು ಮಾತು ಜಾಸ್ತಿ ಆಡಿದ್ರೂ ನಾನು ಗೋದಾಮಿಗೆ ಕಣಮ್ಮಾ."

ನಾನು ಸೊಪ್ಪು ಬಿಡಿಸುತ್ತಲೇ ಇದ್ದೆ. ಅವರು ಒಳಗೆ ಬಂದು ನನ್ನೆದುರು ಕುಳಿತು ತಾವೂ ನಾಲ್ಕು ಎಲೆ ಬಿಡಿಸಿದರು. ಅವರ ಸಾದಾ ಮಾಯಿಶ್ಚರೈಸರಿನ ಟ್ಯೂಬು ಮುಗಿಯುತ್ತಾ ಬಂದಿತ್ತು. ಅದು ಸಿಗುವ ಮೆಡಿಕಲ್ ಸ್ಟೋರು ಅವರ ಅಂಗಡಿಯ ಎದುರಿಗೇ ಇದೆ, ಮ್ಯಾನೇಜರು ಕಾಫಿ ಕುಡಿಯಲು ನಿಲ್ಲುವುದು ಅದರ ಬಾಗಿಲಲ್ಲಿ.

"ಪ್ರತಿ ತಿಂಗಳು ನೀನೇ ತಂದುಕೊಡ್ತೀಯಾ?" ಎಂದರು. "ಯಾರಾದ್ರೂ ಕೇಳಿದ್ರೆ ಮಗೂಗೆ ಅನ್ನು."